ಗೂಡಿನೊಳಗಣ ಇತಿಹಾಸ: ಇಂಗ್ಲೆಂಡಿನ ಮಿರುಗುವ ಸ್ಮಾರಕ ಪಾತ್ರೆಗಳು

ಲೋಕದಲ್ಲಿ ಸ್ಮಾರಕಗಳು ಎರಡು ಬಗೆಯಾಗಿರುತ್ತವೆ. ಅರಸರೂ ಅಧಿಕಾರಿಗಳೂ ನಿಲ್ಲಿಸುವ ಸ್ಮಾರಕಗಳು ಒಂದು ಬಗೆ. ಅವು ಶಿಲೆಯಲ್ಲಿಯೋ ಕಂಚಿನಲ್ಲಿಯೋ ಮಾಡಲ್ಪಟ್ಟು, ಬೀದಿಗಳು ಕೂಡುವೆಡೆಯಲ್ಲಿ ಎತ್ತರವಾದ ಪೀಠಗಳ ಮೇಲೆ ನಿಂತಿರುತ್ತವೆ. ಜನರು ತಾವಾಗಿಯೇ ಕಾಸು ಕೊಟ್ಟು ಕೊಂಡು ಮನೆಯ ಗೂಡಿನಲ್ಲಿ ಇಟ್ಟುಕೊಳ್ಳುವ ಸ್ಮಾರಕಗಳು ಇನ್ನೊಂದು ಬಗೆ. ಪ್ರಜೆಗಳು ಯಾರನ್ನು ನೆನೆಯಬೇಕೆಂದು ಆಳುವವರು ಬಯಸಿದರೋ ಅದು ಮೊದಲನೆಯದರಿಂದ ತಿಳಿಯುತ್ತದೆ. ಪ್ರಜೆಗಳು ನಿಜವಾಗಿ ಯಾರನ್ನು ನೆನೆದರೋ ಅದು ಎರಡನೆಯದರಿಂದ ತಿಳಿಯುತ್ತದೆ. ಈ ಎರಡನೆಯ ಬಗೆಗೆ ಸೇರಿದ ಒಂದು ಜಾತಿಯ ಮಣ್ಣಿನ ಪಾತ್ರೆಗಳನ್ನು ಕುರಿತು ಈ ತಿಂಗಳು ನಮ್ಮ ವಾಚಕರೊಡನೆ ಕೆಲವು ಮಾತುಗಳನ್ನು ಆಡಬೇಕೆಂದು ಬಯಸಿದ್ದೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕುಂಬಾರರು ಮಾಡಿದ ಈ ಪಾತ್ರೆಗಳಿಗೆ 'ಲಸ್ಟರ್' ಪಾತ್ರೆಗಳೆಂದು ಹೆಸರು. ಇವುಗಳನ್ನು ಹುಡುಕಿ ಸಂಗ್ರಹಿಸುವ ಹವ್ಯಾಸವು ಇಂದಿಗೂ ಆ ದೇಶದಲ್ಲಿಯೂ ಅಮೆರಿಕೆಯಲ್ಲಿಯೂ ಬಲವಾಗಿಯೇ ಇದೆ.

ತರ್ಕಶಾಸ್ತ್ರವನ್ನು ಓದಿದವರಿಗೆ ಘಟವೆಂಬುದು ಹಳೆಯ ಗೆಳೆಯ. ಉಪಾದಾನಕಾರಣಕ್ಕೆ ಮಣ್ಣು, ನಿಮಿತ್ತಕಾರಣಕ್ಕೆ ಕುಂಬಾರನೂ ಅವನ ಚಕ್ರದಂಡಗಳೂ ಎಂದು ಬಾಲಕರಾಗಿದ್ದಾಗಲೇ ನಾವು ಬಾಯಿಪಾಠ ಮಾಡಿದ್ದುಂಟು. ಅದೇ ಶಾಸ್ತ್ರದಲ್ಲಿ ಸ್ಮೃತಿಯ ವಿಚಾರವಾಗಿ ಇನ್ನೊಂದು ಸೂಕ್ಷ್ಮವಾದ ಮಾತುಂಟು. ಹಿಂದೆ ಕಂಡು ಕೇಳಿದ ಸಂಗತಿಯು ಸಂಸ್ಕಾರರೂಪವಾಗಿ ಮನಸ್ಸಿನಲ್ಲಿ ಮಲಗಿರುತ್ತದೆ. ಅದನ್ನು ಎಚ್ಚರಿಸಲು ಹೊರಗಿನ ಒಂದು ವಸ್ತು ಬೇಕು. ಆ ವಸ್ತುವಿಗೆ ಉದ್ಬೋಧಕವೆಂದು ಹೆಸರು. ನಾವು ಹೇಳಹೊರಟಿರುವ ಪಾತ್ರೆಗಳಲ್ಲಿ ಘಟವೂ ಉದ್ಬೋಧಕವೂ ಒಂದೇ ಆಗಿವೆ. ಅವುಗಳ ಬೆಲೆಯೆಲ್ಲ ಇರುವುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಲಸ್ಟರ್ ಎಂದರೇನು?

ಲಸ್ಟರ್ ಎಂಬ ಮಾತಿಗೆ ಕಾಂತಿ, ಮಿರುಗು ಎಂದು ಅರ್ಥ. ಸುಟ್ಟು ಗಾಜಿನ ಲೇಪ ಕೊಟ್ಟ ಮಣ್ಣಿನ ಪಾತ್ರೆಯ ಮೇಲೆ ಲೋಹದ ಅತ್ಯಂತ ತೆಳುವಾದ ಪೊರೆಯೊಂದನ್ನು ಹಿಡಿಸಿದರೆ ಆ ಪಾತ್ರೆಯು ಲೋಹದಂತೆಯೇ ಹೊಳೆಯುತ್ತದೆ. ಈ ಕಲೆಯನ್ನು ಮೊದಲು ಬಲ್ಲವರಾಗಿದ್ದವರು ಇಂಗ್ಲಿಷರಲ್ಲ. ಒಂಬತ್ತನೆಯ ಶತಮಾನದಲ್ಲಿಯೇ ಇರಾಕ್ ದೇಶದ ಕುಂಬಾರರು ಬೆಳ್ಳಿ ತಾಮ್ರಗಳ ಲವಣಗಳನ್ನು ಬಳಿದು, ಹೊಗೆ ತುಂಬಿದ ಆವಿಗೆಯಲ್ಲಿ ಸುಟ್ಟು, ಇಂಥ ಹೊಳಪನ್ನು ತರುತ್ತಿದ್ದರು. ಅಲ್ಲಿಂದ ಈಜಿಪ್ತಿಗೂ ಪಾರಸೀಕಕ್ಕೂ ಸ್ಪೇನಿಗೂ ಇಟಲಿಗೂ ಆ ವಿದ್ಯೆಯು ಹರಡಿತು.

ಇಂಗ್ಲಿಷರ ಕ್ರಮವು ಇದಕ್ಕಿಂತ ಬೇರೆಯಾದುದು. ಅವರು ಬಳಸಿದ್ದು ಚಿನ್ನವನ್ನೂ ಪ್ಲಾಟಿನಮ್ಮನ್ನೂ. ಸುಮಾರು 1805ನೆಯ ಇಸವಿಯಿಂದ ಸ್ಟಾಫರ್ಡ್‌ಷೈರ್ ಪ್ರಾಂತದಲ್ಲಿ ಈ ಕೆಲಸವು ನಡೆಯತೊಡಗಿತು. ಸ್ಪೋಡ್ ಎಂಬವರ ಕಾರ್ಖಾನೆಯಲ್ಲಿ ಇದನ್ನು ಮೊದಲು ಆಚರಣೆಗೆ ತಂದವನು ತಾನೇ ಎಂದು ಜಾನ್ ಹ್ಯಾನ್ಕಾಕ್ ಎಂಬ ಕುಶಲಕರ್ಮಿಯು ತನ್ನ ವೃದ್ಧಾಪ್ಯದಲ್ಲಿ ಹೇಳಿಕೊಂಡಿದ್ದಾನೆ.

ಇದರ ವಿಧಾನವನ್ನು ಸಂಕ್ಷೇಪವಾಗಿ ಹೇಳುವೆವು. ಮೊದಲು ಚಿನ್ನವನ್ನು ರಾಜಾಮ್ಲದಲ್ಲಿ, ಎಂದರೆ ಎರಡು ಉಗ್ರವಾದ ಆಮ್ಲಗಳು ಸೇರಿದ ದ್ರವದಲ್ಲಿ, ಕರಗಿಸುವರು. ಆ ದ್ರಾವಣಕ್ಕೆ ಗಂಧಕ ಬೆರೆತ ಎಣ್ಣೆಯನ್ನೂ ಟರ್ಪೆಂಟೈನ್ ಎಣ್ಣೆಯನ್ನೂ ಕೂಡಿಸಿ, ಕುಂಚದಿಂದ ಪಾತ್ರೆಗೆ ಬಳಿದು, ಸಣ್ಣ ಆವಿಗೆಯಲ್ಲಿ ಹದವಾದ ಕಾವಿನಿಂದ ಮತ್ತೊಮ್ಮೆ ಸುಡುವರು. ಎಣ್ಣೆಯೆಲ್ಲ ಉರಿದುಹೋಗಿ ಲೋಹದ ಪೊರೆಯು ಮಾತ್ರ ಉಳಿಯುತ್ತದೆ. ಇಲ್ಲಿ ವಿನೋದವಾದ ಸಂಗತಿಯೊಂದುಂಟು. ಒಂದೇ ಚಿನ್ನವು ಬಿಳಿಯ ಮೈಯ ಮೇಲೆ ಬಿದ್ದರೆ ಗುಲಾಬಿ ಇಲ್ಲವೆ ನೇರಿಳೆಯ ಬಣ್ಣವಾಗಿ ಕಾಣುತ್ತದೆ. ಕೆಂಪು ಇಲ್ಲವೆ ಕಂದುಮಣ್ಣಿನ ಮೈಯ ಮೇಲೆ ಬಿದ್ದರೆ ಉಜ್ಜಿದ ತಾಮ್ರದಂತೆ ಕಾಣುತ್ತದೆ. ಆದಕಾರಣ 'ತಾಮ್ರದ ಲಸ್ಟರ್' ಎಂದು ಹೆಸರಾದ ಹೂಜಿಯಲ್ಲಿ ಹೊಳೆಯುವುದು ತಾಮ್ರವಲ್ಲ, ಚಿನ್ನ. 'ಬೆಳ್ಳಿಯ ಲಸ್ಟರ್' ಎಂಬುದರಲ್ಲಿ ಹೊಳೆಯುವುದು ಬೆಳ್ಳಿಯಲ್ಲ, ಪ್ಲಾಟಿನಮ್. ಬೆಳ್ಳಿಯು ಗಾಳಿಗೆ ಕಪ್ಪಾಗುತ್ತದೆ, ಪ್ಲಾಟಿನಮ್ ಆಗುವುದಿಲ್ಲ. ಬೆಳ್ಳಿಯ ಚಹಾಪಾತ್ರೆಯನ್ನು ಕೊಳ್ಳಲಾರದ ಸಂಸಾರಗಳು ಇಂಥ ಮಣ್ಣಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು ತೃಪ್ತಿಪಡುತ್ತಿದ್ದುವು. 1840ರ ಸುಮಾರಿನಲ್ಲಿ ವಿದ್ಯುತ್ತಿನಿಂದ ಬೆಳ್ಳಿಯ ಮುಲಾಮು ಹಾಕುವ ಉಪಾಯವು ಬಂದಮೇಲೆ ಆ ಅನುಕರಣಕ್ಕೆ ಗಿರಾಕಿಗಳು ಕಡಮೆಯಾದರು.

ಸ್ಮಾರಕಪಾತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ಗುಲಾಬಿಯ ಬಣ್ಣವೇ. ಹಸಿಯಾಗಿರುವ ಲೇಪದ ಮೇಲೆ ಎಣ್ಣೆಯ ಹನಿಗಳನ್ನು ಸಿಂಪಡಿಸಿದರೆ ಆವಿಗೆಯ ಕಾವಿನಲ್ಲಿ ಅವು ಗುಳ್ಳೆಗಳಾಗಿ ಒಡೆದು, ಮೋಡ ಚದರಿದಂತೆ ಬಿಳಿಯ ಉಂಗುರಗಳು ಉಳಿಯುತ್ತಿದ್ದುವು. ಇಂಥ ಎರಡು ಹೂಜಿಗಳು ಎಂದಿಗೂ ಒಂದೇ ಸಮನಾಗಿರುವುದಿಲ್ಲ.

ಇನ್ನು ಮೇಲಿನ ಚಿತ್ರದ ಮಾತು. ಅದನ್ನು ಪ್ರತಿಯೊಂದು ಪಾತ್ರೆಯ ಮೇಲೂ ಕೈಯಿಂದ ಬರೆದರೆ ಬಡವನಿಗೆ ನಿಲುಕುವ ಬೆಲೆಗೆ ಮಾರಲಾಗುವುದೆ? ಆದ್ದರಿಂದ ತಾಮ್ರದ ತಗಡಿನಲ್ಲಿ ಚಿತ್ರವನ್ನು ಕೊರೆದು, ಮಸಿ ತುಂಬಿ, ತೆಳುಕಾಗದಕ್ಕೆ ಅಚ್ಚೊತ್ತಿ, ಆ ಕಾಗದವನ್ನು ಪಾತ್ರೆಗೆ ಅಂಟಿಸಿ ಉಜ್ಜಿ ತೆಗೆಯುತ್ತಿದ್ದರು. ಒಂದು ತಗಡಿನಿಂದ ಸಾವಿರಾರು ಪಾತ್ರೆಗಳಿಗೆ ಚಿತ್ರ ಬರುತ್ತಿತ್ತು. ಪುಸ್ತಕ ಕೊಳ್ಳದ ಮನೆಗೂ, ಪತ್ರಿಕೆ ಓದಲಾರದ ಮನೆಗೂ ಲೋಕವಾರ್ತೆಯು ಈ ದಾರಿಯಿಂದ ಪ್ರವೇಶಿಸಿತು.

ಒಂದು ಸೇತುವೆಯ ಕಥೆ

ಈ ಪಾತ್ರೆಗಳ ಮೇಲೆ ಪದೇ ಪದೇ ಕಾಣುವ ಚಿತ್ರ ಯಾವುದೆಂದರೆ, ಅರಸನದೂ ಅಲ್ಲ, ಸೇನಾಪತಿಯದೂ ಅಲ್ಲ, ಒಂದು ಸೇತುವೆಯದು. ಇಂಗ್ಲೆಂಡಿನ ಈಶಾನ್ಯ ತೀರದಲ್ಲಿ ವಿಯರ್ ನದಿಯ ಮುಖದಲ್ಲಿ ಸಂಡರ್ಲೆಂಡ್ ಎಂಬ ರೇವುಪಟ್ಟಣವಿದೆ. ಅಲ್ಲಿ ಕಲ್ಲಿದ್ದಲು ಸಮೃದ್ಧವಾಗಿತ್ತು. ಕಲ್ಲಿದ್ದಲನ್ನು ದಕ್ಷಿಣಕ್ಕೆ ಹೊತ್ತುಹೋದ ಹಡಗುಗಳು ಬರಿದಾಗಿ ಹಿಂದಿರುಗಬಾರದೆಂದು ಬಿಳಿಯ ಮಣ್ಣನ್ನೂ ಚಕಮಕಿ ಕಲ್ಲನ್ನೂ ತುಂಬಿಕೊಂಡು ಬರುತ್ತಿದ್ದುವು. ಹೀಗೆ ಉರುವಲೂ ಮಣ್ಣೂ ಕೂಡಿದಲ್ಲಿ ಕುಂಬಾರಿಕೆ ಬೆಳೆದುದು ಆಶ್ಚರ್ಯವಲ್ಲ.

ಆ ನದಿಯನ್ನು ದಾಟಲು ಪಟ್ಟಣದವರಿಗೆ ದೋಣಿಯೊಂದೇ ಗತಿಯಾಗಿತ್ತು. ಸೇತುವೆ ಕಟ್ಟೋಣವೆಂದರೆ ಎತ್ತರವಾದ ಪಟಸ್ತಂಭಗಳುಳ್ಳ ಹಡಗುಗಳು ಅದರ ಕೆಳಗೆ ಹಾಯ್ದುಹೋಗಬೇಕಷ್ಟೆ. ಪಾರ್ಲಿಮೆಂಟಿನ ಸದಸ್ಯನಾಗಿದ್ದ ರೋಲೆಂಡ್ ಬರ್ಡನ್ ಎಂಬ ಗೃಹಸ್ಥನು ಬಹುಭಾಗ ಹಣವನ್ನು ತಾನೇ ಹಾಕಿ, ಎರಕದ ಕಬ್ಬಿಣದಿಂದ ಒಂದೇ ಕಮಾನಿನ ಸೇತುವೆಯನ್ನು ಕಟ್ಟಿಸಿದನು. ಕೆಲಸದ ಮೇಲ್ವಿಚಾರಣೆಯನ್ನು ನೋಡಿಕೊಂಡವನು ಥಾಮಸ್ ವಿಲ್ಸನ್. ಅವನು ಅದಕ್ಕೆ ಮೊದಲು ಶಾಲೆಯ ಉಪಾಧ್ಯಾಯನಾಗಿದ್ದನೆಂಬುದನ್ನು ನಾವು ಸ್ವಲ್ಪ ಅಭಿಮಾನದಿಂದಲೇ ಇಲ್ಲಿ ಬರೆಯುತ್ತಿದ್ದೇವೆ. 1793ನೆಯ ಸೆಪ್ಟೆಂಬರ್ 24ರಲ್ಲಿ ಅಸ್ತಿಭಾರದ ಕಲ್ಲನ್ನಿಟ್ಟರು. 1796ನೆಯ ಆಗಸ್ಟ್ 9ರಲ್ಲಿ ಸೇತುವೆಯು ತೆರೆಯಲ್ಪಟ್ಟಿತು. ಕಮಾನಿನ ಅಗಲ 236 ಅಡಿ. ನೀರಿನಿಂದ ಎತ್ತರ ಸುಮಾರು 100 ಅಡಿ. ದೈವಾನುಗ್ರಹವಿರುವಾಗ ನಿರಾಶೆಗೆ ಕಾರಣವಿಲ್ಲವೆಂಬ ಅರ್ಥದ ಲ್ಯಾಟಿನ್ ವಾಕ್ಯವನ್ನು ಅದರ ಮೇಲೆ ಬರೆಯಿಸಿದ್ದರು.

ಮುಂದೆ ನಡೆದುದನ್ನು ನೋಡಿರಿ. 1803ರಲ್ಲಿ ಬರ್ಡನ್ನನು ಪಾಲುಗಾರನಾಗಿದ್ದ ಬ್ಯಾಂಕು ಮುರಿದುಬಿದ್ದಿತು. ಸೇತುವೆಯಲ್ಲಿ ಅವನಿಗಿದ್ದ ಹಕ್ಕುಗಳೂ ಅವನ ಕೈಬಿಟ್ಟು, 1816ರಲ್ಲಿ ಲಾಟರಿಯ ಮೂಲಕ ಇತರರ ಪಾಲಾದುವು. ಆದರೆ ಪಟ್ಟಣದ ಕುಂಬಾರರು ಅವನ ಹೆಸರನ್ನು ಬಿಡಲಿಲ್ಲ. ಸೇತುವೆಯ ಚಿತ್ರವನ್ನು ಅಚ್ಚೊತ್ತಿದ ಹೂಜಿಗಳ ಮೇಲೆ, ಇದನ್ನು ಕಟ್ಟಿಸಿದವನು ಬರ್ಡನ್ನನೆಂದೂ, ಅಸ್ತಿಭಾರ ಇಂಥ ದಿನ, ಪ್ರಾರಂಭೋತ್ಸವ ಇಂಥ ದಿನವೆಂದೂ ಹತ್ತಾರು ವರ್ಷಗಳವರೆಗೆ ಅಚ್ಚುಮಾಡುತ್ತಲೇ ಇದ್ದರು. ಸಂಪತ್ತು ಹೋದವನ ಹೆಸರನ್ನು ಲೋಕವು ಬೇಗ ಮರೆಯುವುದೆಂದು ಎಲ್ಲರೂ ಹೇಳುತ್ತಾರೆ. ಅವನು 1838ರಲ್ಲಿ ತೀರಿಕೊಳ್ಳುವವರೆಗೂ, ಆಮೇಲೂ, ನಾವಿಕರ ಮನೆಗಳ ಗೂಡುಗಳಲ್ಲಿ ಅವನ ಹೆಸರು ಇದ್ದೇ ಇತ್ತು. ಸೇತುವೆಯನ್ನು 1850ರ ದಶಕದ ಕೊನೆಯಲ್ಲಿ ರಾಬರ್ಟ್ ಸ್ಟೀಫನ್‌ಸನ್ ಎಂಬ ಇಂಜಿನಿಯರನು ಹೊಸದಾಗಿ ಮಾರ್ಪಡಿಸಿದನು; 1929ರಲ್ಲಿ ಅದರ ಸ್ಥಾನದಲ್ಲಿ ಈಗಿರುವ ಸೇತುವೆ ಬಂದಿತು. ಕಬ್ಬಿಣದ ಮೂಲಸೇತುವೆಯು ಹೋಯಿತು. ಒಡೆಯುವ ಮಣ್ಣಿನ ಮೇಲಿದ್ದ ಸೇತುವೆಯು ಉಳಿದುಕೊಂಡಿತು!

ಸಂಗ್ರಹಕಾರರಿಗೆ ಇಲ್ಲಿಯೇ ಒಂದು ಎಚ್ಚರಿಕೆ ಹೇಳತಕ್ಕದ್ದಿದೆ. ಹೂಜಿಯ ಮೇಲೆ 1796 ಎಂದು ಬರೆದಿದೆ, ಆದ್ದರಿಂದ ಹೂಜಿಯು 1796ರದೆಂದು ತಿಳಿಯುವವರು ಬಹುಮಂದಿ. ಆ ವರ್ಷ ಇಂಗ್ಲೆಂಡಿನಲ್ಲಿ ಇಂಥ ಲಸ್ಟರ್ ಪಾತ್ರೆಗಳ ವ್ಯಾಪಾರವೇ ಇನ್ನೂ ಪ್ರಾರಂಭವಾಗಿರಲಿಲ್ಲ. ಬರೆದಿರುವ ಇಸವಿಯು ಸಂಗತಿಯದು, ಪಾತ್ರೆಯದಲ್ಲ. ಹಾಗೆಯೇ ಸೇತುವೆಯ ಚಿತ್ರವಿದ್ದ ಮಾತ್ರಕ್ಕೆ ಪಾತ್ರೆಯು ಸಂಡರ್ಲೆಂಡಿನದೇ ಎನ್ನಲಾಗದು. ನೆರೆಯ ಟೈನ್ ನದಿಯ ತೀರದಲ್ಲಿಯೂ, ದೂರದ ಸ್ಟಾಫರ್ಡ್‌ಷೈರಿನಲ್ಲಿಯೂ ಅದೇ ಚಿತ್ರವನ್ನು ಅಚ್ಚೊತ್ತಿದರು. ಕೊರೆದ ತಗಡುಗಳು ಒಂದು ಕಾರ್ಖಾನೆ ಮುಚ್ಚಿದರೆ ಇನ್ನೊಂದು ಕಾರ್ಖಾನೆಗೆ ಹೋಗುತ್ತಿದ್ದುದೂ ಉಂಟು.

ಅರಮನೆಯ ಎರಡು ದುಃಖಗಳು

ರಾಜಕುಟುಂಬದ ಸಂಗತಿಗಳೂ ಈ ಪಾತ್ರೆಗಳಲ್ಲಿ ಬೇಕಾದಷ್ಟು ಇವೆ. ಆದರೆ ಜನರು ಯಾವುದನ್ನು ಹೆಚ್ಚಾಗಿ ಕೊಂಡರೆಂಬುದನ್ನು ಗಮನಿಸಬೇಕು. ಪಟ್ಟಾಭಿಷೇಕಗಳಿಗೆ ಪಾತ್ರೆಗಳಾದುವು, ನಿಜ. ಅವುಗಳಿಗಿಂತ ಮನಮುಟ್ಟುವವು ಇಬ್ಬರು ಸ್ತ್ರೀಯರ ದುಃಖವನ್ನು ಹೇಳುವ ಪಾತ್ರೆಗಳು.

ಮೊದಲನೆಯವಳು ರಾಜಕುಮಾರಿ ಷಾರ್ಲೆಟ್. ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದ ಯುವರಾಜನಿಗೆ ಇವಳೊಬ್ಬಳೇ ಮಗಳು. ಸಿಂಹಾಸನವು ತಂದೆಯ ಅನಂತರ ಇವಳದೇ ಎಂದು ಎಲ್ಲರೂ ನಂಬಿದ್ದರು. 1816ನೆಯ ಮೇ ತಿಂಗಳಲ್ಲಿ ಲಿಯೊಪೋಲ್ಡ್ ರಾಜಕುಮಾರನೊಡನೆ ಅವಳಿಗೆ ವಿವಾಹವಾಯಿತು. ಕುಂಬಾರರು ವಧೂವರರ ಚಿತ್ರಗಳುಳ್ಳ ಪಾತ್ರೆಗಳನ್ನು ಮಾಡಿ ಮಾರಿದರು. ಮರುವರ್ಷ ನವೆಂಬರ್ 6ರಲ್ಲಿ ಇಪ್ಪತ್ತೊಂದು ವಯಸ್ಸಿನ ಆ ತರುಣಿಯು ನಿರ್ಜೀವವಾದ ಶಿಶುವನ್ನು ಹೆತ್ತು ತಾನೂ ಪ್ರಾಣ ಬಿಟ್ಟಳು. ದೇಶವೆಲ್ಲ ತನ್ನ ಮನೆಯ ಮಗಳೇ ಸತ್ತಂತೆ ಅತ್ತಿತು. ಮದುವೆಯ ಪಾತ್ರೆಯನ್ನು ಮಾಡಿದ್ದ ಆವಿಗೆಗಳಿಂದಲೇ ಶೋಕದ ಪಾತ್ರೆಗಳು ಹೊರಬಂದುವು. ಸಮಾಧಿಯ ಮುಂದೆ ತಲೆಬಾಗಿ ಕುಳಿತ ಸ್ತ್ರೀಯ ಚಿತ್ರ, ಅಂಚಿನಲ್ಲಿ ಗುಲಾಬಿ ಲಸ್ಟರಿನ ಗೆರೆ. ಚಹಾ ಕುಡಿಯುವ ಬಟ್ಟಲು ಬಸಿಗಳು ಇವು. ದಿನವೂ ಬೆಳಗ್ಗೆ ಸಂಜೆ ಕೈಗೆ ಬರುವ ಬಟ್ಟಲಿನ ಮೇಲೆ ಸೂತಕದ ಚಿತ್ರವನ್ನು ಯಾರಾದರೂ ಇಟ್ಟುಕೊಳ್ಳುವರೆ ಎಂದು ನಮ್ಮ ಗೃಹಿಣಿಯರು ಕೇಳಬಹುದು. ಹೆರಿಗೆಯ ಮನೆಯಲ್ಲಿ ಮಗಳನ್ನೋ ಸೊಸೆಯನ್ನೋ ಕಳೆದುಕೊಂಡ ಸಂಸಾರಗಳು ಆಗ ಎಷ್ಟಿದ್ದುವೆಂಬುದನ್ನು ನೆನೆದರೆ ಉತ್ತರವು ತಾನಾಗಿಯೇ ತಿಳಿಯುವುದು. ಹೇಳಿಕೊಳ್ಳಲಾರದ ತಮ್ಮ ದುಃಖಕ್ಕೆ ಅವರು ರಾಜಕುಮಾರಿಯ ಹೆಸರನ್ನು ಆಶ್ರಯಿಸಿದರೆಂದು ನಮಗೆ ತೋರುತ್ತದೆ.

ಎರಡನೆಯವಳು ಆ ರಾಜಕುಮಾರಿಯ ತಾಯಿ, ಕ್ಯಾರೊಲಿನ್. 1795ರಲ್ಲಿ ಯುವರಾಜನು ಅವಳನ್ನು ಮದುವೆಯಾಗಿ, ಮರುವರ್ಷವೇ ದೂರಮಾಡಿದನು. 1814ರಲ್ಲಿ ಅವಳು ದೇಶವನ್ನೇ ಬಿಟ್ಟುಹೋದಳು. ಗಂಡನು 1820ರಲ್ಲಿ ರಾಜನಾದಾಗ ತಾನು ರಾಣಿಯೆಂದು ಹಕ್ಕು ಸಾಧಿಸಲು ಹಿಂದಿರುಗಿದಳು. ರಾಜನು ಅವಳ ನಡತೆಯ ಮೇಲೆ ಅಪವಾದವನ್ನು ಹೊರಿಸಿ, ವಿವಾಹವನ್ನೇ ರದ್ದುಮಾಡುವ ಮಸೂದೆಯನ್ನು ಪಾರ್ಲಿಮೆಂಟಿಗೆ ತರಿಸಿದನು. ಅವಳ ವಿರುದ್ಧವಾದ ಕಾಗದಪತ್ರಗಳನ್ನು ಹಸುರು ಚೀಲಗಳಲ್ಲಿ ಇಟ್ಟು ತಂದರಂತೆ. ಆ ಹಸುರು ಚೀಲವು ದೇಶದ ಬೀದಿಬೀದಿಗಳಲ್ಲಿ ಹಾಸ್ಯದ ವಸ್ತುವಾಯಿತು. ಪ್ರಭುಗಳ ಸಭೆಯಲ್ಲಿ ಕೇವಲ ಒಂಬತ್ತು ಮತಗಳ ಹೆಚ್ಚಳವು ದೊರೆತುದರಿಂದ, ನವೆಂಬರ್ 10ರಲ್ಲಿ ಮಂತ್ರಿಗಳು ಮಸೂದೆಯನ್ನು ಕೈಬಿಟ್ಟರು. ಮುಂದಿನ ವರ್ಷ ಜುಲೈ 19ರಲ್ಲಿ ರಾಜನ ಪಟ್ಟಾಭಿಷೇಕ ನಡೆದಾಗ ರಾಣಿಯು ಮಹಾದೇವಾಲಯದ ಬಾಗಿಲಿಗೆ ಹೋದಳು; ಕಾವಲುಗಾರರು ಒಳಕ್ಕೆ ಬಿಡಲಿಲ್ಲ. ಅದಾದ ಮೂರೇ ವಾರಕ್ಕೆ, ಆಗಸ್ಟ್ 7ರಲ್ಲಿ ಅವಳು ತೀರಿಕೊಂಡಳು.

ಅರಮನೆಯ ದಫ್ತರದಲ್ಲಿ ಅವಳಿಗೆ ಪಟ್ಟವಿಲ್ಲ, ಕಿರೀಟವಿಲ್ಲ. ಆದರೆ ಗುಲಾಬಿ ಲಸ್ಟರಿನ ಹೂಜಿಗಳ ಮೇಲೆ ಅವಳು ಗರಿಯ ಟೊಪ್ಪಿಗೆಯನ್ನು ಧರಿಸಿ, ರಾಣಿ ಎಂಬ ಬಿರುದಿನೊಡನೆ ಕುಳಿತಿದ್ದಾಳೆ. ಕೆಲವು ಪಾತ್ರೆಗಳಲ್ಲಿ ಹಸುರು ಚೀಲದವರನ್ನು ಹಳಿಯುವ ಪದ್ಯವೂ ಇದೆ. ಯಾವ ರಾಜಾಜ್ಞೆಯೂ ಇಲ್ಲದೆ, ರಾಜನ ಇಷ್ಟಕ್ಕೆ ವಿರೋಧವಾಗಿಯೇ, ಪ್ರಜೆಗಳು ಅವಳಿಗೆ ಕೊಟ್ಟ ಪಟ್ಟವಿದು. ಅವಳ ನಡತೆಯ ವಿಷಯದಲ್ಲಿ ಇತಿಹಾಸಕಾರರು ಏನಾದರೂ ಹೇಳಲಿ. ಗಂಡನಿಂದ ತಿರಸ್ಕೃತಳಾದ ಹೆಂಡತಿಗೆ ನ್ಯಾಯ ದೊರೆಯಬೇಕೆಂದು ಸಾಮಾನ್ಯ ಜನರು ಎಣಿಸಿದ್ದಕ್ಕೆ ಈ ಹೂಜಿಗಳಿಗಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ನಮ್ಮ ನಾಡನ್ನು ಮುಟ್ಟುವ ಇಬ್ಬರು

ಈ ಪಾತ್ರೆಗಳ ಮೇಲೆ ಕಾಣುವ ಸೇನಾನಿಗಳಲ್ಲಿ ಇಬ್ಬರ ಹೆಸರು ಕನ್ನಡನಾಡಿನವರಿಗೆ ಹೊಸದಲ್ಲ. ನೆಪೋಲಿಯನ್ನನೊಡನೆ ನಡೆದ ಯುದ್ಧಗಳ ಕಾಲದಲ್ಲಿ ವೆಲಿಂಗ್ಟನ್ನನ ಮುಖವನ್ನು ಒತ್ತಿದ ಹೂಜಿಗಳು ಬಹಳವಾಗಿ ಮಾರಾಟವಾದುವು. 1799ನೆಯ ಮೇ 4ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅಲ್ಲಿಯ ಆಡಳಿತವನ್ನು ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್.

ಇನ್ನೊಬ್ಬನು ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟೀಪೂ ಸುಲ್ತಾನನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಹಿಡಿದುಕೊಂಡುಹೋದವನು ಇವನೇ. ಆದರೆ ತಾಮ್ರವರ್ಣದ ಒಂದು ಜಾತಿಯ ಹೂಜಿಯ ಮೇಲೆ ಅವನ ಚಿತ್ರವು ಬೇರೆ ಸನ್ನಿವೇಶದಲ್ಲಿದೆ. 1781ರಲ್ಲಿ ಅಮೆರಿಕೆಯ ಯಾರ್ಕ್‌ಟೌನಿನಲ್ಲಿ ಅವನ ಸೈನ್ಯವು ಸೋತು ಶರಣಾದ ದೃಶ್ಯ ಅದು. ಇನ್ನೊಂದು ಪಕ್ಕದಲ್ಲಿ, ಅಮೆರಿಕದವರಿಗೆ ನೆರವಾದ ಫ್ರೆಂಚ್ ಸೇನಾನಿ ಲಾಫಾಯೆಟ್ಟನ ಚಿತ್ರ. 1824ರಲ್ಲಿ ಲಾಫಾಯೆಟ್ಟನು ಮುದುಕನಾಗಿ ಅಮೆರಿಕವನ್ನು ಸಂದರ್ಶಿಸಿದಾಗ ಆ ದೇಶದಲ್ಲಿ ದೊಡ್ಡ ಉತ್ಸವಗಳಾದುವು. ಗಿರಾಕಿಗಳು ಸಿಕ್ಕುವರೆಂದು ಇಂಗ್ಲೆಂಡಿನ ಕುಂಬಾರರು ತಮ್ಮ ದೇಶದ ಸೋಲನ್ನೇ ಚಿನ್ನದ ಹೊಳಪಿನಲ್ಲಿ ಚಿತ್ರಿಸಿ ಹಡಗಿಗೆ ತುಂಬಿದರು!

ಇದನ್ನು ಓದಿ ನಗುವವರಿಗೆ ಇನ್ನೊಂದು ಮಾತನ್ನು ಹೇಳುವೆವು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದು ಹೈದರನೂ ಟೀಪುವೂ ಇಂಗ್ಲಿಷರನ್ನು ಸೋಲಿಸಿದ ಯುದ್ಧ. ಕೆಟ್ಟುಹೋಗಿದ್ದ ಆ ಚಿತ್ರವನ್ನು ಸರಿಮಾಡಿಸಿದವನು ಅಲ್ಲಿ ವಾಸವಾಗಿದ್ದ ವೆಲ್ಲೆಸ್ಲಿಯೇ. ಸ್ಟಾಫರ್ಡ್‌ಷೈರಿನ ಕುಂಬಾರನು ಲಾಭಕ್ಕಾಗಿ ತನ್ನವರ ಸೋಲನ್ನು ಬರೆದನು. ಈ ಸೇನಾನಿಯು ಗೆದ್ದ ಮೇಲೆ ತನ್ನವರ ಸೋಲನ್ನು ಉಳಿಸಿದನು. ಸ್ಮಾರಕವನ್ನು ನೋಡುವಾಗ ಅದು ಯಾರದೆಂದು ಕೇಳಿದರೆ ಸಾಲದು, ಯಾರು ಯಾರಿಗಾಗಿ ಮಾಡಿದರೆಂದೂ ಕೇಳಬೇಕು.

ಹೆಸರಿಲ್ಲದವರ ಹೆಸರುಗಳು

ಅರಸರನ್ನೂ ಸೇನಾನಿಗಳನ್ನೂ ಬಿಟ್ಟರೂ ಉಳಿಯುವ ಪಾತ್ರೆಗಳು ಬಹಳ. ಹಡಗು ಹತ್ತುವ ನಾವಿಕನು ಹೆಂಡತಿಯನ್ನು ಬೀಳ್ಕೊಳ್ಳುವ ಚಿತ್ರ, ನಾವಿಕರ ದಿಕ್ಸೂಚಿ, ಕ್ರಿಮಿಯಾ ಯುದ್ಧದ ಕಾಲದಲ್ಲಿ ಕೂಡಿನಿಂತ ಇಂಗ್ಲೆಂಡ್ ಫ್ರಾನ್ಸ್‌ಗಳ ಧ್ವಜಗಳು, ಇವೆಲ್ಲ ಸಂಡರ್ಲೆಂಡಿನ ಹೂಜಿಗಳಲ್ಲಿ ಸಾಮಾನ್ಯ. ಗೋಡೆಗೆ ತೂಗುಹಾಕಲು ಚೌಕಟ್ಟಿನ ಆಕಾರದ ಫಲಕಗಳನ್ನೂ ಮಾಡುತ್ತಿದ್ದರು. ಅವುಗಳ ನಡುವೆ ದೇವರು ನಿನ್ನನ್ನು ನೋಡುತ್ತಿರುವನೆಂಬಂಥ ಎಚ್ಚರಿಕೆಯ ಮಾತುಗಳಿರುತ್ತಿದ್ದುವು. ವಿನೋದಕ್ಕೂ ಕೊರತೆಯಿಲ್ಲ: ಕೆಲವು ಲೋಟಗಳ ಒಳಗೋಡೆಯಲ್ಲಿ ಮಣ್ಣಿನ ಕಪ್ಪೆಯೊಂದು ಹತ್ತುವಂತೆ ಕುಳಿತಿರುತ್ತದೆ, ಕುಡಿಯುವವನು ಅರ್ಧ ಮುಗಿಸುವ ಹೊತ್ತಿಗೆ ಅದು ತಲೆಯೆತ್ತುತ್ತದೆ. ನೆರೆದವರು ನಗುತ್ತಾರೆ.

ಇವೆಲ್ಲಕ್ಕಿಂತಲೂ ನಾವು ಹೆಚ್ಚಾಗಿ ಗೌರವಿಸುವುದು ಹೆಸರು ಬರೆಯಿಸಿದ ಹೂಜಿಗಳನ್ನು. ಮದುವೆಗೋ ಮಗುವಿನ ನಾಮಕರಣಕ್ಕೋ ಜನರು ಕುಂಬಾರನಿಗೆ ಹೇಳಿ ತಮ್ಮ ಹೆಸರನ್ನೂ ಇಸವಿಯನ್ನೂ ಕೈಬರಹದಲ್ಲಿ ಬರೆಯಿಸುತ್ತಿದ್ದರು. ಒಂದು ಪಕ್ಕದಲ್ಲಿ ಮಹಾಸೇತುವೆ, ಇನ್ನೊಂದು ಪಕ್ಕದಲ್ಲಿ ಹಡಗು, ಮೂತಿಯ ಕೆಳಗೆ ಯಾವನೋ ಒಬ್ಬ ನಾವಿಕನ ಮತ್ತು ಅವನ ಹೆಂಡತಿಯ ಹೆಸರು. ನಮ್ಮಲ್ಲಿ ಮದುವೆಗೆ ಕೊಟ್ಟ ಹಿತ್ತಾಳೆಯ ಕೊಡದ ಮೇಲೆ ಹೆಸರು ಕೊರೆಯಿಸುವುದನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಚ್ಚಿನಲ್ಲಿರುವುದು ದೇಶದ ಇತಿಹಾಸ. ಕೈಬರಹದಲ್ಲಿರುವುದು ಮನೆಯ ಇತಿಹಾಸ. ಎರಡೂ ಒಂದೇ ಆವಿಗೆಯಲ್ಲಿ ಬೆಂದು ಒಂದಾಗಿವೆ.

ಸಂಗ್ರಹಿಸುವವನ ಧರ್ಮ

ವಸ್ತುಗಳನ್ನು ಕೂಡಿಹಾಕುವುದು ಒಂದು, ಸಂಗ್ರಹಿಸುವುದು ಇನ್ನೊಂದು. ಇದನ್ನು ಚೆನ್ನಾಗಿ ಅರಿತಿದ್ದವನು ಬ್ರೈಟನ್ ಪಟ್ಟಣದ ಹೆನ್ರಿ ವಿಲೆಟ್. 1823ರಿಂದ 1905ರವರೆಗೆ ಬದುಕಿದ್ದ ಇವನು ಬಿಯರ್ ತಯಾರಿಸುವ ಉದ್ಯೋಗದಲ್ಲಿದ್ದವನು. ಶ್ರೀಮಂತರು ಚೀನಾದ ಪಿಂಗಾಣಿಯ ಬೆನ್ನುಹತ್ತಿದ್ದಾಗ, ಇವನು ಬಡವರ ಮನೆಯ ಮಣ್ಣಿನ ಪಾತ್ರೆಗಳನ್ನೂ ಬೊಂಬೆಗಳನ್ನೂ ಕೂಡಿಸಿದನು. ದೇಶದ ಇತಿಹಾಸದ ಬಹುಭಾಗವನ್ನು ಅದರ ಸಾಮಾನ್ಯ ಪಾತ್ರೆಗಳಲ್ಲಿಯೇ ಓದಬಹುದೆಂಬುದು ಅವನ ನಂಬಿಕೆ. ಆದಕಾರಣ ಯಾವ ಕಾರ್ಖಾನೆ, ಯಾವ ಬಣ್ಣ ಎಂದು ವಿಂಗಡಿಸದೆ, ರಾಜರು, ನಾವಿಕರು, ಅಪರಾಧಗಳು, ವಿನೋದಗಳು ಎಂಬ ಬಗೆಯಲ್ಲಿ ವಿಷಯಾನುಸಾರವಾಗಿ ಜೋಡಿಸಿದನು. 1899ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ಆ ಸಂಗ್ರಹವನ್ನು 1903ರಲ್ಲಿ ತನ್ನ ಊರಿಗೆ ದಾನವಾಗಿ ಕೊಟ್ಟನು. ಇಂದಿಗೂ ಅದು ಬ್ರೈಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಸಂಡರ್ಲೆಂಡಿನ ವಸ್ತುಸಂಗ್ರಹಾಲಯದಲ್ಲಿ ಆ ಊರಿನ ಪಾತ್ರೆಗಳ ದೊಡ್ಡ ಸಂಗ್ರಹವಿದೆ. ಉಪಾಧ್ಯಾಯವೃತ್ತಿಯಲ್ಲಿದ್ದಾಗ ನಾವು ಹುಡುಗರಿಂದ ಇಂಗ್ಲೆಂಡಿನ ಅರಸರ ಪಟ್ಟಿಯನ್ನು ಎಷ್ಟೋ ಸಲ ಒಪ್ಪಿಸಿಕೊಂಡಿದ್ದೇವೆ. ವಿಲೆಟ್ಟನ ಒಂದು ಕಪಾಟು ನಮ್ಮ ತರಗತಿಯಲ್ಲಿದ್ದಿದ್ದರೆ ಆ ಹುಡುಗರಿಗೆ ಪಟ್ಟಿಯು ಬೇಕಾಗುತ್ತಿರಲಿಲ್ಲ.

ಹಳೆಯದೆಂದು ಹೇಳಿ ಹೊಸದನ್ನು ಮಾರುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಗುಲಾಬಿ ಲಸ್ಟರಿನ ಪಾತ್ರೆಗಳನ್ನು ಇಪ್ಪತ್ತನೆಯ ಶತಮಾನದಲ್ಲಿಯೂ ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿದರು. ಆದ್ದರಿಂದ ಕೊಳ್ಳುವವರು ಕೆಲವು ಗುರುತುಗಳನ್ನು ತಿಳಿದಿರುವುದು ಮೇಲು. ಮೊದಲು ಪಾತ್ರೆಯನ್ನು ಮಗುಚಿ ಅಡಿಯನ್ನು ನೋಡಬೇಕು. ಅಲ್ಲಿ ಇಂಗ್ಲೆಂಡ್ ಎಂದು ದೇಶದ ಹೆಸರಿದ್ದರೆ ಅದು ಸಾಮಾನ್ಯವಾಗಿ 1891ರಿಂದ ಈಚಿನದು. ಪರದೇಶದ ಸರಕಿನ ಮೇಲೆ ದೇಶದ ಹೆಸರಿರಬೇಕೆಂಬ ಅಮೆರಿಕದ ಸುಂಕದ ಕಾನೂನು ಆಗ ಜಾರಿಗೆ ಬಂದಿತು. ನೂರೈವತ್ತು ವರ್ಷ ಮೇಜು ಗೂಡುಗಳ ಮೇಲೆ ಸರಿದಾಡಿದ ಪಾತ್ರೆಯ ಅಡಿಯ ಅಂಚು ತಾನಾಗಿಯೇ ಸವೆದಿರಬೇಕು. ಆ ಸವೆತವು ಒಂದೇ ಸಮನಾಗಿರದೆ, ಪಾತ್ರೆಯು ನೆಲವನ್ನು ಮುಟ್ಟುವ ಕಡೆಯಲ್ಲಿ ಮಾತ್ರ ಇರಬೇಕು. ಬಣ್ಣವು ಅತಿಯಾಗಿ ಸಮನಾಗಿದ್ದರೆ, ಅಚ್ಚಿನ ಗೆರೆಗಳು ಚುಕ್ಕಿಚುಕ್ಕಿಯಾಗಿ ಕಂಡರೆ ಸಂಶಯಪಡಬೇಕು. ತಾಮ್ರದ ತಗಡಿನಲ್ಲಿ ಕೈಯಿಂದ ಕೊರೆದ ಗೆರೆಯಲ್ಲಿ ಜೀವವಿರುತ್ತದೆ. ಕಾರ್ಖಾನೆಯ ಮುದ್ರೆಯಿದ್ದರೆ ಕಾಲನಿರ್ಣಯಕ್ಕೆ ಅನುಕೂಲ. ಸಂಡರ್ಲೆಂಡಿನ ಗ್ಯಾರಿಸನ್ ಕಾರ್ಖಾನೆಯವರು 1865ರಲ್ಲಿ ಮುಚ್ಚುವವರೆಗೆ ಪಾಲುಗಾರರು ಬದಲಾದಂತೆಲ್ಲ ಮುದ್ರೆಯ ಹೆಸರನ್ನೂ ಬದಲಿಸುತ್ತಿದ್ದರು. ಆದಕಾರಣ ಮುದ್ರೆಯೇ ಪಂಚಾಂಗದಂತೆ ಕೆಲಸಕ್ಕೆ ಬರುತ್ತದೆ. ಮುದ್ರೆಯಿಲ್ಲದ ಒಳ್ಳೆಯ ಪಾತ್ರೆಗಳೇ ಹೆಚ್ಚು, ಅದೊಂದು ದೋಷವಲ್ಲ.

ಪಾತ್ರೆಯನ್ನು ಕಾಪಾಡುವ ಕ್ರಮವನ್ನು ಗೃಹಿಣಿಯರಿಗೆ ವಿಶೇಷವಾಗಿ ಹೇಳಬೇಕು. ತಾಮ್ರದ ಬಣ್ಣವನ್ನು ಕಂಡೊಡನೆ ನಮ್ಮ ಮನೆಗಳಲ್ಲಿ ಕೈಯು ಹುಣಿಸೆಹಣ್ಣಿಗೆ ಹೋಗುವುದು ಸಹಜ. ಈ ಪಾತ್ರೆಗಳಿಗೆ ಹುಣಿಸೆಹಣ್ಣೂ ಬೇಡ, ಬೂದಿಯೂ ಬೇಡ, ನಾರೂ ಬೇಡ. ಮೇಲಿರುವ ಚಿನ್ನದ ಪೊರೆಯು ಉಗುರಿನಷ್ಟು ದಪ್ಪವೂ ಇಲ್ಲ. ಉಜ್ಜಿದರೆ ಅಳಿದುಹೋಗುತ್ತದೆ, ಅಳಿದುದು ಮತ್ತೆ ಬರುವುದಿಲ್ಲ. ಮೃದುವಾದ ಬಟ್ಟೆಯಿಂದ ಧೂಳನ್ನು ಒರಸಿದರೆ ಸಾಕು. ಹಳೆಯ ಗಾಜಿನ ಲೇಪದಲ್ಲಿ ಸೀಸವಿರುವುದರಿಂದ ಇವುಗಳಲ್ಲಿ ತಿನ್ನುವುದಾಗಲಿ ಕುಡಿಯುವುದಾಗಲಿ ಕೂಡದು. ಹುಳಿಯ ಪದಾರ್ಥವನ್ನಂತೂ ಇಡಲೇಬಾರದು. ಹಿಡಿಯನ್ನು ಹಿಡಿದು ಎತ್ತದೆ, ಮೈಯನ್ನು ಎರಡು ಕೈಗಳಿಂದಲೂ ಹಿಡಿದು ಎತ್ತಬೇಕು.

ಸೀಳು ಬಿಟ್ಟ, ಮೂತಿ ಮುರಿದ ಪಾತ್ರೆಗಳನ್ನು ವ್ಯಾಪಾರಿಗಳು ಕೀಳಾಗಿ ಎಣಿಸುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹೆಸರು ಬರೆದಿರುವ ಮುರಿದ ಹೂಜಿಯು ಹೆಸರಿಲ್ಲದ ಇಡೀ ಹೂಜಿಗಿಂತ ಹೆಚ್ಚು ಮಾತನಾಡುತ್ತದೆ. ಅದು ಯಾವ ಮನೆಯಿಂದ ಬಂದಿತು, ಆ ಮನೆಯವರು ಯಾರು, ಅದನ್ನು ಏಕೆ ಇಟ್ಟುಕೊಂಡಿದ್ದರು ಎಂಬುದನ್ನು ಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಳ್ಳದವನು ಅರ್ಧ 'ವಸ್ತು'ವನ್ನು ಅಂಗಡಿಯಲ್ಲಿಯೇ ಬಿಟ್ಟುಬಂದಂತೆ. ಪಾತ್ರೆಯು ಕೈಯಿಂದ ಕೈಗೆ ಹೋಗುವಾಗ ಮೊದಲು ಕಳೆದುಹೋಗುವುದು ಈ ಮಾತುಗಳೇ. ಮಣ್ಣು ಇನ್ನೂರು ವರ್ಷ ಬಾಳೀತು. ಬಾಯಮಾತು ಎರಡು ತಲೆಮಾರು ಬಾಳುವುದೂ ಕಷ್ಟ. ಉದ್ಬೋಧಕವಿದ್ದೂ ಸಂಸ್ಕಾರವೇ ಅಳಿದುಹೋದರೆ ಸ್ಮೃತಿಯು ಹುಟ್ಟುವುದೆಲ್ಲಿಂದ?

ನಮ್ಮ ವಾಚಕರು ಇಂಗ್ಲೆಂಡಿನ ಹೂಜಿಗಳನ್ನು ಕೊಳ್ಳಲಿ ಎಂಬುದು ಈ ಲೇಖನದ ಉದ್ದೇಶವಲ್ಲ. ಕೊಳ್ಳುವವರು ಕೊಂಡರೆ ಸಂತೋಷ. ಆದರೆ ಪ್ರತಿಯೊಬ್ಬ ಗೃಹಸ್ಥನ ಮನೆಯ ಅಟ್ಟದಲ್ಲಿಯೂ ಹೆಸರು ಕೊರೆದ ಒಂದು ಕೊಡವೋ ತಟ್ಟೆಯೋ ಇದ್ದೇ ಇರುತ್ತದೆ. ಆ ಹೆಸರಿನವರು ಯಾರೆಂದು ಬಲ್ಲ ಅಜ್ಜಿಯೋ ಸೋದರತ್ತೆಯೋ ಇನ್ನೂ ಇರುವಾಗಲೇ ಒಂದು ಚೀಟಿಯಲ್ಲಿ ನಾಲ್ಕು ಪಂಕ್ತಿಗಳನ್ನು ಬರೆದು ಆ ಪಾತ್ರೆಯೊಳಗೆ ಹಾಕಿಡಿರಿ. ಅಷ್ಟು ಮಾಡಿದವನು ತನ್ನ ಮನೆಯ ಮಟ್ಟಿಗೆ ಇತಿಹಾಸಕಾರನ ಕೆಲಸವನ್ನು ಮಾಡಿದಂತೆಯೇ ಸರಿ.